ನಕಲು ಓದಿನಲ್ಲೇ ಶುರುವಾಗುತ್ತದೆ: ಫ್ಲೋರೈಡ್ ಪಠ್ಯದ ಮೇಲೆ ಇನ್ನೂರು ಪದಗಳ ಇಂಗ್ಲಿಷ್ ವರದಿ ಬರೆಸಿದ ಪ್ರಕರಣ

ಸನ್ನಿವೇಶ

ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜು. ಬಿ.ಎಸ್ಸಿ. ಎರಡನೇ ಸೆಮಿಸ್ಟರ್, ತರಗತಿಯಲ್ಲಿ ಸುಮಾರು ಅರವತ್ತು ಮಂದಿ. ಹೆಚ್ಚಿನವರು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಪಿಯುಸಿಯಲ್ಲಿ ವಿಜ್ಞಾನ ಇಂಗ್ಲಿಷಿಗೆ ತಿರುಗಿದಾಗ ಗೈಡು, ನೋಟ್ಸು, ಬಾಯಿಪಾಠ ಹಿಡಿದು ದಾಟಿ ಬಂದಿದ್ದಾರೆ. ತಮ್ಮ ಊರು, ಮನೆ, ದಿನಚರಿಯನ್ನು ಇಂಗ್ಲಿಷಿನಲ್ಲಿ ಹೇಳಬಲ್ಲರು. ನೋಟಿಸು, ಚಿಕ್ಕ ಪತ್ರ, ಸುದ್ದಿಯ ತುಣುಕು ಓದಿ ತಿಳಿಯಬಲ್ಲರು. ಯುರೋಪಿನ ಭಾಷಾ ಮಾಪಕದ ಲೆಕ್ಕದಲ್ಲಿ ಇದು ಬಿ1, ಅಂದರೆ ಮಧ್ಯಮ ಮಟ್ಟ. ಆದರೆ ಅವರ ಮುಂದಿರುವ ರಸಾಯನಶಾಸ್ತ್ರದ ಪುಸ್ತಕ ಅದರ ಮೇಲಿನ ಹಂತವಾದ ಬಿ2 ಅನ್ನೂ ದಾಟಿದ ಇಂಗ್ಲಿಷಿನಲ್ಲಿದೆ.

ಇದು ಒಂದೇ ಕಾಲೇಜಿನ ವರದಿಯಲ್ಲ. ಇಂಥ ತರಗತಿಗಳಲ್ಲಿ ಮತ್ತೆ ಮತ್ತೆ ಎದುರಾಗುವುದನ್ನು ಒಂದು ಸನ್ನಿವೇಶದಲ್ಲಿ ಕೂಡಿಸಿ ಕಟ್ಟಿದ ಪ್ರಕರಣ. ಕೆಳಗೆ ಬರುವ ವಿದ್ಯಾರ್ಥಿ ಬರಹದ ಮಾದರಿಗಳನ್ನೂ ಹಾಗೆಯೇ ಕಟ್ಟಲಾಗಿದೆ.

ಕೊಟ್ಟ ಕೆಲಸ ಇಷ್ಟು: ಅಂತರ್ಜಲದಲ್ಲಿನ ಫ್ಲೋರೈಡ್ ಕುರಿತ 620 ಪದಗಳ ಇಂಗ್ಲಿಷ್ ಪಠ್ಯ ಓದಬೇಕು, ಜೊತೆಗಿರುವ ಐದು ಬೋರ್‌ವೆಲ್‌ಗಳ ಕೋಷ್ಟಕ ನೋಡಬೇಕು, ಎರಡನ್ನೂ ಬಳಸಿ 200 ಪದಗಳ ವರದಿ ಬರೆಯಬೇಕು. ವಿಷಯವನ್ನು ಬೇಕೆಂದೇ ಆರಿಸಲಾಗಿದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಮಕ್ಕಳಿಗೆ ಹೆಚ್ಚು ಫ್ಲೋರೈಡಿನಿಂದ ಹಲ್ಲಿನ ಮೇಲೆ ಬೀಳುವ ಕಂದು ಕಲೆ ಹೊಸ ಸಂಗತಿಯಲ್ಲ. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೋಟೈಟ್ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ನೀರಿಗಿಳಿಯುತ್ತದೆ, ಕ್ಯಾಲ್ಸಿಯಂ ಕಡಿಮೆ ಇರುವ ನೀರಿನಲ್ಲಿ ಹೆಚ್ಚು ಉಳಿಯುತ್ತದೆ ಎಂಬುದೂ ಅವರ ಪಾಠಕ್ಕೆ ಹತ್ತಿರವೇ. ವಿಷಯ ಗೊತ್ತಿರುವಾಗ ಭಾಷೆಯ ತೊಡಕು ಎಲ್ಲಿದೆ ಎಂಬುದು ಬೇರೆಯಾಗಿ ಕಾಣುತ್ತದೆ.

ಮೊದಲ ಬರಹದಲ್ಲಿ ಕಂಡದ್ದು

ಯಾವ ಸಿದ್ಧತೆಯೂ ಇಲ್ಲದೆ, ಪಠ್ಯ ಕೈಯಲ್ಲಿರುವಾಗಲೇ ಬರೆಸಿದರೆ ಬರುವ ವರದಿ ಹೀಗಿರುತ್ತದೆ:

"ನೌ ಎ ಡೇಸ್ ವಾಟರ್ ಈಸ್ ವೆರಿ ಇಂಪಾರ್ಟೆಂಟ್ ಫಾರ್ ಹ್ಯೂಮನ್ ಲೈಫ್. ಅಕಾರ್ಡಿಂಗ್ ಟು ಮಿ ಗ್ರೌಂಡ್‌ವಾಟರ್ ಹ್ಯಾವಿಂಗ್ ಫ್ಲೋರೈಡ್. ಆಲ್ದೋ ಫ್ಲೋರೈಡ್ ಈಸ್ ಗುಡ್ ಫಾರ್ ಟೀತ್ ಬಟ್ ಪ್ರೊಲಾಂಗ್ಡ್ ಎಕ್ಸ್‌ಪೋಷರ್ ಟು ಎಲಿವೇಟೆಡ್ ಕಾನ್ಸಂಟ್ರೇಶನ್ಸ್ ರಿಸಲ್ಟ್ಸ್ ಇನ್ ಸ್ಕೆಲಿಟಲ್ ಫ್ಲೋರೋಸಿಸ್. ತ್ರೀ ಸ್ಯಾಂಪಲ್ಸ್ ಆರ್ ಡೇಂಜರ್. ಸೋ ಗವರ್ನಮೆಂಟ್ ಶುಡ್ ಟೇಕ್ ನೆಸೆಸರಿ ಆಕ್ಷನ್."

ಮೂರು ಬಗೆಯ ಇಂಗ್ಲಿಷ್ ಇದರಲ್ಲಿ ಬೆರೆತಿವೆ. ಮೊದಲ ಮತ್ತು ಕೊನೆಯ ವಾಕ್ಯ ಶಾಲೆಯ ಪ್ರಬಂಧದಿಂದ ಬಂದ ಕಂಠಪಾಠ. ಎರಡನೆಯದು ವಿದ್ಯಾರ್ಥಿಯ ಸ್ವಂತದ್ದು. ಮೂರನೆಯದರ ಉತ್ತರಾರ್ಧ, ಅಂದರೆ ಫ್ಲೋರೈಡಿನಿಂದ ಬರುವ ಮೂಳೆಯ ರೋಗದ ಮಾತು, ಪಠ್ಯದಿಂದ ಹಾಗೇ ಎತ್ತಿದ್ದು. ಕೆಂಪು ಶಾಯಿ ಹಿಡಿದ ಅಧ್ಯಾಪಕರ ಕಣ್ಣು ಎರಡನೆಯ ವಾಕ್ಯದ ಮೇಲೆ ಬೀಳುತ್ತದೆ, ಏಕೆಂದರೆ ತಪ್ಪಿರುವುದು ಅಲ್ಲಿ. ನಕಲಾದ ವಾಕ್ಯ ವ್ಯಾಕರಣಶುದ್ಧ, ಹಾಗಾಗಿ ಅದಕ್ಕೆ ಸರಿ ಗುರುತು. ಇದರಿಂದ ವಿದ್ಯಾರ್ಥಿ ಕಲಿಯುವ ಪಾಠ ನೇರವಾದದ್ದು: ಸ್ವಂತ ಬರೆದರೆ ಕೆಂಪು ಗೀರು, ಎತ್ತಿ ಬರೆದರೆ ಅಂಕ.

ಈ ನಕಲನ್ನು ಕಳ್ಳತನವೆಂದು ಕರೆದು ಮುಗಿಸಿಬಿಡುವುದು ಸುಲಭ. 2018ರ ಯುಜಿಸಿ ನಿಯಮಾವಳಿ ಬಂದ ಮೇಲೆ ಸಂಶೋಧನಾ ಬರಹದಲ್ಲಿ ಹತ್ತು ಪ್ರತಿಶತಕ್ಕಿಂತ ಹೆಚ್ಚಿನ ಹೋಲಿಕೆಗೆ ದಂಡವಿದೆ. ಮುಂದೆ ಎಂ.ಎಸ್ಸಿ. ಪ್ರಾಜೆಕ್ಟ್ ಬರೆಯುವವರಿಗೆ ಈ ಎಚ್ಚರ ಬೇಕೇ ಬೇಕು. ಆದರೆ ಬಿ1 ಮಟ್ಟದಲ್ಲಿ ನಕಲಿನ ಕಾರಣ ಬೇರೆ. ಆ ಮೂರನೆಯ ವಾಕ್ಯದಲ್ಲಿ ಯಾವುದರಿಂದ ಏನಾಗುತ್ತದೆ ಎಂದು ಕನ್ನಡದಲ್ಲಿ ಕೇಳಿದರೆ ಹಲವರು ಹೇಳಲಾರರು. ಅರ್ಥ ಬಿಡಿಸಲಾಗದ ವಾಕ್ಯವನ್ನು ತನ್ನ ಮಾತಿನಲ್ಲಿ ಹೇಳು ಎಂದರೆ ಅವರ ಬಳಿ ಇರುವ ದಾರಿ ಎರಡೇ: ಬಿಟ್ಟುಬಿಡುವುದು, ಇಲ್ಲವೇ ಎತ್ತಿ ಬರೆಯುವುದು. ತೊಂದರೆ ಬರವಣಿಗೆಯಲ್ಲಿ ಕಾಣಿಸಿಕೊಂಡಿತು, ಹುಟ್ಟಿದ್ದು ಓದಿನಲ್ಲಿ. ಆದ್ದರಿಂದ ಇಲ್ಲಿ ಯೋಜಿಸಿದ ಆರು ತರಗತಿಗಳಲ್ಲಿ ಮೊದಲ ಮೂರು ಪೂರ್ತಿ ಓದಿಗೇ ಮೀಸಲು.

ಮೊದಲ ತರಗತಿ: ಪದಗಳು

ಒಬ್ಬೊಬ್ಬರೂ ಪಠ್ಯದ ಮೊದಲ ನೂರು ಪದಗಳಲ್ಲಿ ಗೊತ್ತಿಲ್ಲದವಕ್ಕೆ ಗೆರೆ ಎಳೆಯಬೇಕು. ಶಬ್ದಕೋಶವಿಲ್ಲದೆ ಸರಾಗವಾಗಿ ಓದಲು ನೂರರಲ್ಲಿ 98 ಪದ ಗೊತ್ತಿರಬೇಕು ಎಂಬುದು ಪದಸಂಪತ್ತಿನ ಸಂಶೋಧನೆಯಲ್ಲಿ ಹೆಚ್ಚು ಮಂದಿ ಒಪ್ಪುವ ಅಂದಾಜು. ತರಗತಿಯಲ್ಲಿ ಅಧ್ಯಾಪಕರ ನೆರವಿರುವುದರಿಂದ ಐದರವರೆಗೆ ಅಪರಿಚಿತ ಪದಗಳಿದ್ದರೆ ನಡೆಯುತ್ತದೆ. ಹತ್ತು ದಾಟಿದರೆ ಪಠ್ಯವನ್ನೇ ಸರಳಗೊಳಿಸಬೇಕು.

ಗೆರೆ ಬಿದ್ದ ಪದಗಳನ್ನು ನೋಡಿದರೆ ಒಂದು ವಿಷಯ ಸ್ಪಷ್ಟ. ಫ್ಲೋರೈಡ್, ಗ್ರಾನೈಟ್, ಕ್ಯಾಲ್ಸಿಯಂಗಳಿಗೆ ಯಾರೂ ಗೆರೆ ಎಳೆದಿರುವುದಿಲ್ಲ. ನೀರು, ಹಲ್ಲು, ಮೂಳೆಗೂ ಇಲ್ಲ. ಗೆರೆ ಬೀಳುವುದು ನಡುವಿನ ಪದರದ ಮೇಲೆ: ಎಕ್ಸೀಡ್, ಡಿರೈವ್, ಅಟ್ರಿಬ್ಯೂಟ್, ವೇರಿ, ಎಕ್ಸ್‌ಪೋಷರ್. ಯಾವ ಶಾಸ್ತ್ರದ ಸ್ವತ್ತೂ ಅಲ್ಲದ, ಎಲ್ಲ ಶಾಸ್ತ್ರಗಳಲ್ಲೂ ಬರುವ ಪದಗಳಿವು. ಭಾಷಾ ಸಂಶೋಧಕಿ ಎವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ಪದಪಟ್ಟಿಯಲ್ಲಿ ಇಂಥ 570 ಪದಕುಟುಂಬಗಳಿವೆ (ಒಂದು ಮೂಲಪದ ಮತ್ತು ಅದರ ರೂಪಗಳೆಲ್ಲ ಸೇರಿ ಒಂದು ಕುಟುಂಬ). ಅಕಾಡೆಮಿಕ್ ಪಠ್ಯವೊಂದರಲ್ಲಿ ಹತ್ತಿರಹತ್ತಿರ ಹತ್ತನೇ ಒಂದು ಭಾಗ ಇವೇ. ರಸಾಯನಶಾಸ್ತ್ರದ ಅಧ್ಯಾಪಕರು ಇವು ಇಂಗ್ಲಿಷ್ ಮೇಷ್ಟರ ಕೆಲಸವೆಂದು ಬಿಡುತ್ತಾರೆ. ಇಂಗ್ಲಿಷ್ ಮೇಷ್ಟರು ಕತೆ, ಪದ್ಯ ಪಾಠ ಮಾಡುತ್ತಿರುತ್ತಾರೆ. ಹೀಗೆ ಇಬ್ಬರ ನಡುವೆ ಬಿದ್ದುಹೋದ ಪದಗಳಿವು.

ಒಂದು ತರಗತಿಗೆ ಹತ್ತರಿಂದ ಹನ್ನೆರಡು ಪದ ಸಾಕು. ಅರ್ಥದ ಜೊತೆಗೆ ಪ್ರತಿ ಪದವನ್ನೂ ಅದರ ಜೊತೆಗಾರನೊಂದಿಗೆ ಕೊಡಬೇಕು: "ಎಕ್ಸೀಡ್ ದ ಲಿಮಿಟ್", "ಈಸ್ ಅಟ್ರಿಬ್ಯೂಟೆಡ್ ಟು", "ಎಕ್ಸ್‌ಪೋಷರ್ ಟು". ಬಿಡಿ ಪದ ಕಲಿತವರು ಮರುದಿನವೇ "ಎಕ್ಸೀಡ್ ಫ್ರಂ ದ ಲಿಮಿಟ್" ಎಂದು ಬರೆಯುತ್ತಾರೆ, ಏಕೆಂದರೆ ಕನ್ನಡದಲ್ಲಿ ಮಿತಿಗಿಂತ ಹೆಚ್ಚು ಎನ್ನುವಾಗ ಒಂದು ಸಂಬಂಧದ ಪ್ರತ್ಯಯ ಬೇಕೇ ಬೇಕು.

ಎರಡನೇ ತರಗತಿ: ಕ್ರಿಯಾಪದ ಎಲ್ಲಿದೆ

ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಫಲ ಕೊಡುವ ಒಂದು ಗಂಟೆ ಇದು. ಪಠ್ಯದ ಒಂದು ವಾಕ್ಯ ಹೀಗಿದೆ:

"ವಾಟರ್ ಡ್ರಾನ್ ಫ್ರಂ ಬೋರ್‌ವೆಲ್ಸ್ ಡ್ರಿಲ್ಡ್ ಇನ್ ಗ್ರಾನಿಟಿಕ್ ಟೆರೇನ್ ಮೇ ಕಂಟೇನ್ ಫ್ಲೋರೈಡ್ ಅಬವ್ ದ ಪರ್ಮಿಸಿಬಲ್ ಲಿಮಿಟ್."

ಇದನ್ನು ಕನ್ನಡದಲ್ಲಿ ಹೇಳಿ ಎಂದರೆ ಸಿಗುವ ಸಾಮಾನ್ಯ ಉತ್ತರ: "ನೀರನ್ನು ಬೋರ್‌ವೆಲ್‌ನಿಂದ ಎತ್ತಿದರು, ಗ್ರಾನೈಟಿನಲ್ಲಿ ಕೊರೆದರು, ಫ್ಲೋರೈಡ್ ಇದೆ." ಪದಗಳೆಲ್ಲ ಗೊತ್ತು, ವಾಕ್ಯ ಮಾತ್ರ ತಪ್ಪಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಹಾಗಾಗಿ ಅದನ್ನು ಹುಡುಕುವ ಕೆಲಸವೇ ಇಲ್ಲ. ನಾಮಪದವನ್ನು ವಿವರಿಸುವ ಮಾತೆಲ್ಲ ನಾಮಪದಕ್ಕಿಂತ ಮುಂಚೆಯೇ ಬಂದು ಮುಗಿದಿರುತ್ತದೆ: "ಗ್ರಾನೈಟ್ ನೆಲದಲ್ಲಿ ಕೊರೆದ ಬೋರ್‌ವೆಲ್‌ಗಳಿಂದ ಎತ್ತಿದ ನೀರಿನಲ್ಲಿ ಮಿತಿ ಮೀರಿದ ಫ್ಲೋರೈಡ್ ಇರಬಹುದು." ಇಂಗ್ಲಿಷಿನಲ್ಲಿ ಅದೇ ವಿವರಣೆ ನಾಮಪದದ ಹಿಂದೆ ಸಾಲುಗಟ್ಟಿ, ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಏಳು ಪದಗಳ ಅಂತರ ಮಾಡುತ್ತದೆ. ಕನ್ನಡದ ಓದುಗ ನಾಮಪದ ದಾಟಿದ ಕೂಡಲೇ ಸಿಕ್ಕಿದ ಮೊದಲ ಕ್ರಿಯಾರೂಪವನ್ನು ಹಿಡಿದುಕೊಳ್ಳುತ್ತಾನೆ. ಸಿಗುವುದು "ಡ್ರಾನ್".

ಸಮಾಧಾನದ ಸಂಗತಿಯೆಂದರೆ ಕನ್ನಡದಲ್ಲಿ ಇದಕ್ಕೆ ಸರಿಸಮನಾದ ರಚನೆ ಮೊದಲೇ ಇದೆ. ಕೊರೆದ, ಎತ್ತಿದ, ಮೀರಿದ ಎಂಬ ಕೃದಂತಗಳನ್ನು ಈ ಮಕ್ಕಳು ದಿನವೂ ಬಳಸುತ್ತಾರೆ. ಹೊಸ ವ್ಯಾಕರಣ ಕಲಿಸಬೇಕಿಲ್ಲ, ಸ್ಥಾನ ಬದಲಾಗಿದೆ ಎಂದು ತೋರಿಸಬೇಕು. ಹಲಗೆಯ ಮೇಲೆ ಎರಡೂ ವಾಕ್ಯಗಳನ್ನು ಒಂದರ ಕೆಳಗೊಂದು ಬರೆದು "ಎತ್ತಿದ" ಮತ್ತು "ಡ್ರಾನ್" ನಡುವೆ, "ಕೊರೆದ" ಮತ್ತು "ಡ್ರಿಲ್ಡ್" ನಡುವೆ ಗೆರೆ ಎಳೆದರೆ ಗೆರೆಗಳು ಒಂದನ್ನೊಂದು ಕತ್ತರಿಸುತ್ತವೆ. ಆ ಚಿತ್ರ ವಿವರಣೆಗಿಂತ ಬೇಗ ತಲೆಗೆ ಹೋಗುತ್ತದೆ.

ಅಭ್ಯಾಸದ ಕ್ರಮವೂ ಮುಖ್ಯ. ಮೊದಲು ಮೂರನೇ ರೂಪ ಬೇರೆಯಾಗಿ ಕಾಣುವ ಕ್ರಿಯಾಪದಗಳು: ಡ್ರಾನ್, ಟೇಕನ್, ನೋನ್, ಗಿವನ್. ಹಿಂದೆ ಈಸ್, ವಾಸ್, ಹ್ಯಾಸ್ ಇಲ್ಲದೆ ಇವು ಒಂಟಿಯಾಗಿ ಬಂದರೆ ಎಂದೂ ಮುಖ್ಯ ಕ್ರಿಯಾಪದವಲ್ಲ, ಗುರುತಿಸುವುದು ಸುಲಭ. ಆಮೇಲೆ ಇ-ಡಿಯಲ್ಲಿ ಮುಗಿಯುವ ಕ್ರಿಯಾಪದಗಳು: ಡ್ರಿಲ್ಡ್, ಕಲೆಕ್ಟೆಡ್, ಡಿಸಾಲ್ವ್ಡ್. ಇವುಗಳಲ್ಲಿ ಎರಡನೇ ಮತ್ತು ಮೂರನೇ ರೂಪ ಒಂದೇ, ಮೋಸಹೋಗುವುದು ಇಲ್ಲಿ. ಪರೀಕ್ಷೆ ಹೀಗೆ: ಆ ಪದದ ಮುಂದೆ "ವಿಚ್ ವಾಸ್" ಸೇರಿಸಿ ಓದಿ. "ಬೋರ್‌ವೆಲ್ಸ್ ವಿಚ್ ವರ್ ಡ್ರಿಲ್ಡ್ ಇನ್ ಗ್ರಾನೈಟ್" ಎಂದರೆ ಅರ್ಥ ಕೂಡುತ್ತದೆ, ಅದು ವಿವರಣೆ. "ದ ಟೀಮ್ ಡ್ರಿಲ್ಡ್ ಫೈವ್ ವೆಲ್ಸ್" ಎಂಬಲ್ಲಿ ಸೇರಿಸಿದರೆ ಅರ್ಥ ಕೆಡುತ್ತದೆ, ಅದು ಮುಖ್ಯ ಕ್ರಿಯಾಪದ.

ಏಳು ವಾಕ್ಯಗಳ ಒಂದು ಪ್ಯಾರಾ ತೆಗೆದುಕೊಂಡು ಪ್ರತಿ ವಾಕ್ಯದಲ್ಲಿ ಮುಖ್ಯ ಕ್ರಿಯಾಪದಕ್ಕೆ ಅಡ್ಡಗೆರೆ, ಕರ್ತೃವಿನ ಮೂಲ ನಾಮಪದದ ಸುತ್ತ ಚೌಕ. ಆಮೇಲೆ ಗೆರೆ ಮತ್ತು ಚೌಕ ಮಾತ್ರ ಸೇರಿಸಿ ಓದುವುದು: "ವಾಟರ್ ಮೇ ಕಂಟೇನ್." ವಾಕ್ಯದ ಬೆನ್ನೆಲುಬು ಅಷ್ಟೇ. ಏಳು ವಾಕ್ಯಕ್ಕೆ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ನಿಧಾನವೆಂದು ಕಂಡು ಅವಸರ ಮಾಡಿದರೆ ಮುಂದಿನ ಮೂರು ತರಗತಿ ವ್ಯರ್ಥ.

ಮೂರನೇ ತರಗತಿ: ನಾಲ್ಕು ಕಂಬಗಳ ಟಿಪ್ಪಣಿ, ಕನ್ನಡದಲ್ಲಿ ಮಾತು

ಒಂದು ಎ4 ಹಾಳೆಯನ್ನು ನಾಲ್ಕು ಕಂಬಗಳಾಗಿ ಮಡಿಸಬೇಕು. ಮೊದಲನೆಯದರಲ್ಲಿ ಹೇಳಿದ ಸಂಗತಿ, ಎರಡನೆಯದರಲ್ಲಿ ಅದಕ್ಕೆ ಕಾರಣ, ಮೂರನೆಯದರಲ್ಲಿ ಅಂಕಿ ಮತ್ತು ಅಳತೆಯ ಮಾನ, ನಾಲ್ಕನೆಯದರಲ್ಲಿ ಲೇಖಕರಿಗೆ ಎಷ್ಟು ಖಚಿತ ಎಂಬುದು. ಒಂದು ಮನೆಯಲ್ಲಿ ನಾಲ್ಕು ಪದ ಮೀರಬಾರದು. ಈ ಮಿತಿಯೇ ನಕಲಿಗೆ ಬೀಗ: ನಾಲ್ಕು ಪದಗಳಲ್ಲಿ ವಾಕ್ಯ ಎತ್ತಲಾಗದು. ಕನ್ನಡದಲ್ಲಿ ಬರೆದರೂ ಸರಿ, ಬೆರೆಸಿದರೂ ಸರಿ. ಅಂಕಿ ಮತ್ತು ಮಾನ ಮಾತ್ರ ಪಠ್ಯದಲ್ಲಿದ್ದಂತೆಯೇ ಇಳಿಸಬೇಕು.

ನಾಲ್ಕನೇ ಕಂಬ ವಿದ್ಯಾರ್ಥಿಗಳಿಗೆ ವಿಚಿತ್ರವಾಗಿ ಕಾಣುತ್ತದೆ. ಶಾಲೆಯ ಪುಸ್ತಕದಲ್ಲಿರುವುದೆಲ್ಲ ಖಚಿತ ಎಂದೇ ಅವರ ನಂಬಿಕೆ. ಅಕಾಡೆಮಿಕ್ ಪಠ್ಯದಲ್ಲಿ ಹಾಗಿಲ್ಲ. "ಕಾಸಸ್" ಎಂದರೆ ಉಂಟುಮಾಡುತ್ತದೆ, "ಈಸ್ ಲೈಕ್ಲಿ ಟು ಕಾಸ್" ಎಂದರೆ ಉಂಟುಮಾಡುವ ಸಂಭವ ಹೆಚ್ಚು, "ಮೇ ಕಾಸ್" ಎಂದರೆ ಉಂಟುಮಾಡಬಹುದು. ಕಂಬದಲ್ಲಿ ಮೂರು, ಎರಡು, ಒಂದು ಎಂದು ಅಂಕೆ ಹಾಕಿದರೆ ಸಾಕು. "ಮೇ" ಎಂಬ ಚಿಕ್ಕ ಪದವನ್ನು ಓದುವಾಗ ನುಂಗಿದವರು ಬರೆಯುವಾಗ ಎಲ್ಲ ಬೋರ್‌ವೆಲ್ ನೀರೂ ವಿಷ ಎಂದುಬಿಡುತ್ತಾರೆ. ಹಿಂದಿನ ತರಗತಿಯ ಕನ್ನಡ ಅನುವಾದದಲ್ಲಿ "ಇರಬಹುದು" ಎಂಬುದು "ಇದೆ" ಆದದ್ದೂ ಇದೇ ಕಾರಣಕ್ಕೆ.

ಟಿಪ್ಪಣಿ ಮುಗಿದ ಮೇಲೆ ಇಬ್ಬಿಬ್ಬರು ಕೂತು, ಪಠ್ಯ ತಿರುವಿಟ್ಟು, ಟಿಪ್ಪಣಿ ಮಾತ್ರ ನೋಡುತ್ತ, ಮೂರು ಮೂರು ನಿಮಿಷ ಒಬ್ಬರಿಗೊಬ್ಬರು ಕನ್ನಡದಲ್ಲಿ ವಿವರಿಸಬೇಕು. ಇಂಗ್ಲಿಷ್ ತರಗತಿಯಲ್ಲಿ ಕನ್ನಡವೇ ಎಂದು ಹುಬ್ಬೇರಿಸುವವರಿದ್ದಾರೆ. ಆದರೆ ಒಂದು ಭಾಷೆಯಲ್ಲಿ ಓದಿದ್ದನ್ನು ಇನ್ನೊಂದರಲ್ಲಿ ಹೇಳಿ ದಾಟಿಸುವುದು ಸ್ವತಂತ್ರ ಭಾಷಾ ಕೌಶಲವೆಂದು 2020ರ ಯುರೋಪಿನ ಮಾಪಕದ ಪೂರಕ ಸಂಪುಟವೇ ಅಳತೆಗೋಲುಗಳ ಸಮೇತ ಒಪ್ಪಿದೆ. ನಮ್ಮ ತರಗತಿಗಳಿಗೆ ಇದು ರಿಯಾಯಿತಿಯಲ್ಲ, ನಮ್ಮ ಮಕ್ಕಳ ಕೈಯಲ್ಲಿ ಆಗಲೇ ಇರುವ ಬಲ. ಅದಲ್ಲದೆ ಕನ್ನಡದಲ್ಲಿ ವಿವರಿಸುವಾಗ ತಡವರಿಸಿದ ಜಾಗವೇ ಅರ್ಥವಾಗದ ಜಾಗ. ಅಧ್ಯಾಪಕರು ಬೆಂಚುಗಳ ನಡುವೆ ನಡೆಯುತ್ತ ಆ ಜಾಗಗಳನ್ನು ಗುರುತು ಹಾಕಿಕೊಂಡರೆ ಕೊನೆಯ ಹತ್ತು ನಿಮಿಷಕ್ಕೆ ಬೇಕಾದ ಪಾಠ ತಾನಾಗಿ ಸಿಗುತ್ತದೆ.

ಇಲ್ಲಿ ಕೆಡುವುದು ಮೊಬೈಲಿನಿಂದ. ಪಠ್ಯದ ಫೋಟೊ ತೆಗೆದು ಯಂತ್ರದಿಂದ ಕನ್ನಡ ಮಾಡಿಸಿದರೆ ಟಿಪ್ಪಣಿ ನೀಟಾಗಿ ಬರುತ್ತದೆ, ವಿವರಣೆ ಮಾತ್ರ ಬಾಯಿಗೆ ಬರುವುದಿಲ್ಲ. ನಿಷೇಧಿಸುವುದಕ್ಕಿಂತ ಒಂದು ವಾಕ್ಯದ ಯಂತ್ರಾನುವಾದವನ್ನು ಹಲಗೆಗೆ ತಂದು, ಕ್ರಿಯಾಪದ ಸರಿಯಾಗಿದೆಯೇ, "ಬಹುದು" ಉಳಿದಿದೆಯೇ ಎಂದು ಎಲ್ಲರೂ ಸೇರಿ ಪರೀಕ್ಷಿಸುವುದು ಹೆಚ್ಚು ಉಪಯುಕ್ತ.

ತರಗತಿ ಮುಗಿದಾಗ ಇಂಗ್ಲಿಷ್ ಪಠ್ಯವನ್ನು ಎಲ್ಲರಿಂದ ವಾಪಸ್ ಪಡೆಯಬೇಕು. ಟಿಪ್ಪಣಿ ಹಾಳೆ ಮಾತ್ರ ಅವರ ಬಳಿ ಉಳಿಯುತ್ತದೆ. ಇಡೀ ಯೋಜನೆ ನಿಂತಿರುವುದು ಈ ಒಂದು ಹೆಜ್ಜೆಯ ಮೇಲೆ.

ನಾಲ್ಕನೇ ತರಗತಿ: ಕೋಷ್ಟಕ ಮತ್ತು ಹಲಗೆಯ ಮೇಲಿನ ಬರಹ

ಕೋಷ್ಟಕವನ್ನು ಅಭ್ಯಾಸಕ್ಕಾಗಿ ರಚಿಸಲಾಗಿದೆ, ಅಂಕಿಗಳು ಯಾವ ಊರಿನವೂ ಅಲ್ಲ, ಇದನ್ನು ವಿದ್ಯಾರ್ಥಿಗಳಿಗೂ ಹೇಳಬೇಕು. ಐದು ಬೋರ್‌ವೆಲ್‌ಗಳ ಆಳ 60, 95, 150, 210, 280 ಮೀಟರ್. ಫ್ಲೋರೈಡ್ ಕ್ರಮವಾಗಿ ಲೀಟರಿಗೆ 0.7, 1.5, 1.2, 1.9, 2.6 ಮಿಲಿಗ್ರಾಂ. ಈ ಅಂಕಿಗಳಲ್ಲಿ ಮೂರು ಬಲೆಗಳನ್ನು ಹೆಣೆಯಲಾಗಿದೆ.

ಮೊದಲ ಬಲೆ 1.5. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಎರಡು ಮಿತಿ ಹೇಳುತ್ತದೆ: ಸ್ವೀಕಾರಾರ್ಹ ಮಿತಿ ಲೀಟರಿಗೆ 1.0 ಮಿಲಿಗ್ರಾಂ, ಬೇರೆ ನೀರಿನ ಮೂಲ ಇಲ್ಲದಿದ್ದಾಗ ಒಪ್ಪಬಹುದಾದ ಮಿತಿ 1.5. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ 1.5. ಹಾಗಾದರೆ 1.5 ಇರುವ ಬಾವಿ ಮಿತಿ ಮೀರಿದೆಯೇ? ಇಲ್ಲ, ಮಿತಿಯಲ್ಲಿದೆ. ಮೊದಲ ಬರಹದ "ತ್ರೀ ಸ್ಯಾಂಪಲ್ಸ್" ಹುಟ್ಟಿದ್ದು ಇಲ್ಲಿ. "ಅಬವ್", "ಅಟ್", "ವಿದಿನ್" ಎಂಬ ಮೂರು ಸಣ್ಣ ಪದಗಳ ವ್ಯತ್ಯಾಸ ಇಲ್ಲಿ ವ್ಯಾಕರಣದ ಅಭ್ಯಾಸವಾಗಿ ಉಳಿಯದೆ, ಒಂದು ಊರಿನ ನೀರು ಕುಡಿಯಬಹುದೋ ಬೇಡವೋ ಎಂಬ ಪ್ರಶ್ನೆಯಾಗುತ್ತದೆ. ಸರಿಯಾದ ವಾಕ್ಯ: ನಾಲ್ಕು ಮಾದರಿ 1.0 ಮೀರಿವೆ, ಎರಡು ಮಾತ್ರ 1.5 ಮೀರಿವೆ. ಯಾವ ಮಿತಿ ಎಂದು ಹೇಳದೆ "ಲಿಮಿಟ್" ಎಂದಷ್ಟೇ ಬರೆದರೆ ವಾಕ್ಯಕ್ಕೆ ಅರ್ಥವಿಲ್ಲ.

ಎರಡನೇ ಬಲೆ 150 ಮೀಟರಿನ ಬಾವಿ. ಅದಕ್ಕಿಂತ ಮೇಲಿನ 95 ಮೀಟರಿನದರಲ್ಲಿ ಫ್ಲೋರೈಡ್ ಹೆಚ್ಚಿದೆ. ಆದ್ದರಿಂದ ಆಳ ಹೆಚ್ಚಿದಂತೆ ಫ್ಲೋರೈಡ್ ಹೆಚ್ಚುತ್ತದೆ ಎಂದು ನೇರವಾಗಿ ಬರೆಯುವಂತಿಲ್ಲ. "ಜನರಲಿ", "ವಿತ್ ಒನ್ ಎಕ್ಸೆಪ್ಶನ್" ಎಂಬ ಮಾತುಗಳು ಬೇಕಾಗುವುದು ಆಗ. ಅಂಕಿಗಳು ಅಚ್ಚುಕಟ್ಟಾಗಿ ಏರುವ ಕೋಷ್ಟಕ ಕೊಟ್ಟರೆ ಈ ಭಾಷೆ ಕಲಿಯುವ ಅಗತ್ಯವೇ ಹುಟ್ಟುವುದಿಲ್ಲ. ಕೋಷ್ಟಕ ರಚಿಸುವವರು ಒಂದು ಅಂಕಿಯನ್ನಾದರೂ ಸಾಲು ತಪ್ಪಿಸಬೇಕು. ಮೂರನೇ ಬಲೆ ಸಂಖ್ಯೆಯದು: ಐದು ಬಾವಿ ನೋಡಿ ಇಡೀ ತಾಲ್ಲೂಕಿನ ಮಾತಾಡುವಂತಿಲ್ಲ.

ನಂತರ ತರಗತಿಯೆಲ್ಲ ಸೇರಿ ಹಲಗೆಯ ಮೇಲೆ ಮೊದಲ ಎಂಬತ್ತು ಪದ ಬರೆಯುತ್ತಾರೆ. ವಾಕ್ಯ ವಿದ್ಯಾರ್ಥಿಗಳದ್ದು, ಸೀಮೆಸುಣ್ಣ ಅಧ್ಯಾಪಕರದ್ದು. ಸಿಡ್ನಿಯಲ್ಲಿ ಬೆಳೆದ ಪ್ರಕಾರಾಧಾರಿತ ಬೋಧನೆಯಲ್ಲಿ, ಅಂದರೆ ಒಂದೊಂದು ಬಗೆಯ ಬರಹವನ್ನು ಹಿಡಿದು ಕಲಿಸುವ ಕ್ರಮದಲ್ಲಿ, ಈ ಜಂಟಿ ಬರಹ ನಡುವಿನ ಹಂತ. ಮಾದರಿ ಬಿಡಿಸಿ ನೋಡುವುದು ಅದಕ್ಕೆ ಮುಂಚೆ, ಒಂಟಿಯಾಗಿ ಬರೆಯುವುದು ಅದರ ನಂತರ. ಇದಕ್ಕೆ ಹತ್ತಿರದ ನೆಲೆ ನಮ್ಮಲ್ಲೂ ಇದೆ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನಾ ತಜ್ಞ ಎನ್.ಎಸ್. ಪ್ರಭು ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ, ಬೆಂಗಳೂರು ಪ್ರಾಜೆಕ್ಟ್ ಎಂದು ಹೆಸರಾದ ಪ್ರಯೋಗದಲ್ಲಿ ಮೊದಲು ಇಡೀ ತರಗತಿಯೊಂದಿಗೆ ಒಂದು ಕೆಲಸ, ಆಮೇಲೆ ಅದೇ ಬಗೆಯ ಇನ್ನೊಂದನ್ನು ಒಬ್ಬೊಬ್ಬರೇ ಮಾಡುವುದು ಎಂಬ ಕ್ರಮವಿತ್ತು. ಅರ್ಧದಷ್ಟು ಮಕ್ಕಳು ಅರ್ಧದಷ್ಟು ಕೆಲಸವನ್ನಾದರೂ ಸರಿಯಾಗಿ ಮಾಡಿದರೆ ಕಷ್ಟದ ಮಟ್ಟ ಸರಿಯಿದೆ ಎಂಬುದು ಅಲ್ಲಿನ ಅಳತೆ. ಅರವತ್ತು ಮಂದಿಯ ತರಗತಿಗೆ ಇಂದಿಗೂ ಇದಕ್ಕಿಂತ ಕೈಗೆಟಕುವ ಅಳತೆ ಇನ್ನೊಂದಿಲ್ಲ.

ಹಲಗೆಯ ಬರಹದಲ್ಲಿ ಪದೇ ಪದೇ ಎದುರಾಗುವ ತೊಡಕು ಉದ್ದನೆಯ ಸರಪಳಿ ವಾಕ್ಯ. ಕನ್ನಡದಲ್ಲಿ "ಬಂಡೆಯಿಂದ ಕರಗಿ, ನೀರಿಗೆ ಸೇರಿ, ದೇಹಕ್ಕೆ ಹೋಗಿ, ಮೂಳೆಯಲ್ಲಿ ಕೂತು ನೋವು ತರುತ್ತದೆ" ಎಂಬುದು ಸಹಜವಾದ ಒಂದೇ ವಾಕ್ಯ. ಇಂಗ್ಲಿಷಿನಲ್ಲಿ ಅದು ನಾಲ್ಕು "ಅಂಡ್"ಗಳ ಸಾಲಾಗುತ್ತದೆ. ಇಲ್ಲಿ ಕೊಡಬೇಕಾದ ನಿಯಮ ಸರಳ: ಒಂದು ವಾಕ್ಯದಲ್ಲಿ ಎರಡು ಕ್ರಿಯೆ, ಮೂರನೆಯದಕ್ಕೆ ಹೊಸ ವಾಕ್ಯ. ಹೊಸ ವಾಕ್ಯದ ಮೊದಲಿಗೆ ಹಿಂದಿನದನ್ನು ಒಂದು ನಾಮಪದದಲ್ಲಿ ಹಿಡಿದಿಡುವುದು: "ದಿಸ್ ಪ್ರಾಸೆಸ್", "ದಿಸ್ ಇನ್‌ಕ್ರೀಸ್", "ದೀಸ್ ವ್ಯಾಲ್ಯೂಸ್". ಬರೀ "ದಿಸ್" ಸಾಲದು, ಜೊತೆಗೆ ನಾಮಪದ ಬೇಕು. ಪ್ಯಾರಾ ತಾನಾಗಿ ಹೆಣೆದುಕೊಳ್ಳುವುದು ಈ ಒಂದು ಅಭ್ಯಾಸದಿಂದ. "ಮೋರೋವರ್", "ಫರ್ದರ್‌ಮೋರ್" ಪಟ್ಟಿ ಉರುಹೊಡೆಸುವುದರಿಂದ ಅಷ್ಟು ಪ್ರಯೋಜನವಿಲ್ಲ. ಪ್ರತಿ ವಾಕ್ಯದ ಮುಂದೂ ಒಂದೊಂದು ಅಂಟಿಸಿ ಬರೆಯುತ್ತಾರೆ, ವಾಕ್ಯಗಳು ಮಾತ್ರ ಕೂಡುವುದಿಲ್ಲ.

"ಆಲ್ದೋ" ಜೊತೆ "ಬಟ್" ಬರುವುದು, "ಬಿಕಾಸ್" ಜೊತೆ "ಸೋ" ಬರುವುದು ಎಲ್ಲರಲ್ಲೂ ಕಾಣುತ್ತದೆ. ಒಂದು ವಾಕ್ಯಕ್ಕೆ ಒಂದೇ ಕೊಂಡಿ ಎಂದು ಹೇಳಿ ಮುಂದೆ ಹೋದರೆ ಸಾಕು. "ಅಕಾರ್ಡಿಂಗ್ ಟು" ಮಾತ್ರ ಸ್ವಲ್ಪ ನಿಂತು ಹೇಳಬೇಕಾದ್ದು: ಅದು ಬೇರೊಬ್ಬರ ಮಾತಿಗೆ, ಮಾನಕಕ್ಕೆ, ವರದಿಗೆ. ತನ್ನ ಅಭಿಪ್ರಾಯ ಈ ವರದಿಯಲ್ಲಿ ಬೇಕಾಗಿಯೇ ಇಲ್ಲ.

ಐದನೇ ತರಗತಿ: ಪಠ್ಯವಿಲ್ಲದೆ ಬರೆಯುವುದು

ಮೇಜಿನ ಮೇಲೆ ಟಿಪ್ಪಣಿ ಹಾಳೆ ಮತ್ತು ಕೋಷ್ಟಕ, ಅಷ್ಟೇ. ಮೂವತ್ತು ನಿಮಿಷ ಬರಹ. ಆಮೇಲೆ ಪಠ್ಯವನ್ನು ಹತ್ತು ನಿಮಿಷಕ್ಕೆ ಕೈಗೆ ಕೊಡಬೇಕು, ಅಂಕಿ, ಮಾನ, ಹೆಸರು ಸರಿನೋಡಲು ಮಾತ್ರ. ಆಗ ಬೇರೆ ಬಣ್ಣದ ಪೆನ್ನು ಬಳಸಬೇಕು, ಏನು ಬದಲಾಯಿತೆಂದು ಕಾಣಲು. ಇಂಥ ಬರಹ ಹೀಗಿರುತ್ತದೆ:

"ಆಫ್ ದ ಫೈವ್ ಸ್ಯಾಂಪಲ್ಸ್, ಫೋರ್ ವರ್ ಅಬವ್ ದ ಅಕ್ಸೆಪ್ಟಬಲ್ ಲಿಮಿಟ್ ಆಫ್ 1.0 ಮಿಲಿಗ್ರಾಂ ಪರ್ ಲೀಟರ್ ಅಂಡ್ ಟೂ ವರ್ ಅಬವ್ 1.5. ದೀಸ್ ಟೂ ವ್ಯಾಲ್ಯೂಸ್ ಕೇಮ್ ಫ್ರಂ ಡೀಪೆಸ್ಟ್ ವೆಲ್ಸ್. ದಿಸ್ ಡಿಫರೆನ್ಸ್ ಮೇ ಬಿ ಬಿಕಾಸ್ ಡೀಪ್ ವಾಟರ್ ಸ್ಟೇ ಲಾಂಗ್ ಟೈಮ್ ವಿತ್ ಗ್ರಾನೈಟ್. ಬಟ್ ಫೈವ್ ವೆಲ್ಸ್ ಆರ್ ನಾಟ್ ಎನಫ್ ಟು ಸೇ ಅಬೌಟ್ ಹೋಲ್ ತಾಲ್ಲೂಕ್."

ತಪ್ಪುಗಳಿವೆ. "ಡೀಪೆಸ್ಟ್" ಮುಂದೆ "ದ" ಇಲ್ಲ, "ಸ್ಟೇ"ಗೆ ಎಸ್ ಇಲ್ಲ. ಆದರೂ ಮೊದಲ ಬರಹಕ್ಕಿಂತ ಇದು ಎಷ್ಟೋ ಮೇಲು. ಪ್ರತಿ ವಾಕ್ಯವೂ ಬರೆದವರದ್ದೇ, ಪ್ರತಿ ಅಂಕಿಗೂ ಅರ್ಥವಿದೆ, ಗೊತ್ತಿರುವುದೆಷ್ಟು ಎಂಬ ಗಡಿಯೂ ಇದೆ. ಬಿಡಿ ತಪ್ಪುಗಳ ಎಣಿಕೆಗೆ ಅಂಕ ಕೊಟ್ಟರೆ ಮಾತ್ರ ಈ ಬರಹ ಮೊದಲನೆಯದಕ್ಕೆ ಸೋಲುತ್ತದೆ. ಆದ್ದರಿಂದ ಅಂಕ ಹಂಚಿಕೆಯನ್ನೇ ಬದಲಿಸಬೇಕು: ಹತ್ತರಲ್ಲಿ ನಾಲ್ಕು ಅಂಕಿಗಳ ನಿಖರತೆಗೆ, ಮೂರು ವಾಕ್ಯಗಳು ಒಂದಕ್ಕೊಂದು ಕೂಡುವುದಕ್ಕೆ, ಎರಡು ಖಚಿತತೆಯ ಮಟ್ಟಕ್ಕೆ, ಒಂದು ಉಳಿದ ವ್ಯಾಕರಣಕ್ಕೆ. ಈ ಹಂಚಿಕೆಯನ್ನು ಬರೆಸುವ ಮುಂಚೆಯೇ ಹಲಗೆಯ ಮೇಲೆ ಹಾಕಬೇಕು.

ತಿದ್ದುವುದು

ಅರವತ್ತು ಬರಹಗಳಿಗೆ ಹತ್ತು ಹತ್ತು ನಿಮಿಷವೆಂದರೆ ಹತ್ತು ಗಂಟೆ. ಯಾವ ಅಧ್ಯಾಪಕರೂ ಎರಡನೇ ಸಲ ಇಂಥ ಕೆಲಸ ಕೊಡುವುದಿಲ್ಲ. ಮೂರು ನಿಮಿಷಕ್ಕೆ ಇಳಿಸಿದರೆ ಮೂರು ಗಂಟೆಯಲ್ಲಿ ಮುಗಿಯುತ್ತದೆ. ವ್ಯಾಕರಣ ತಿದ್ದುಪಡಿಯಿಂದ ಪ್ರಯೋಜನವೇ ಇಲ್ಲ, ಬಿಟ್ಟುಬಿಡಿ ಎಂದು ಭಾಷಾ ಕಲಿಕೆಯ ಸಂಶೋಧಕ ಜಾನ್ ಟ್ರಸ್ಕಾಟ್ 1996ರಲ್ಲಿ ವಾದಿಸಿದ್ದರು. 1999ರಲ್ಲಿ ಅದೇ ಕ್ಷೇತ್ರದ ಡಾನಾ ಫೆರಿಸ್ ಅದನ್ನು ವಿರೋಧಿಸಿ, ಆಯ್ದ, ಸ್ಪಷ್ಟ ತಿದ್ದುಪಡಿಯನ್ನು ಸಮರ್ಥಿಸಿದರು. ಆ ಚರ್ಚೆ ಎಲ್ಲೇ ನಿಂತಿರಲಿ, ಎಲ್ಲವನ್ನೂ ತಿದ್ದುವುದರಿಂದ ಏನೂ ಉಳಿಯುವುದಿಲ್ಲ ಎಂಬುದಕ್ಕೆ ಕೆಂಪಾಗಿ ವಾಪಸ್ ಬಂದು ಮಡಿಸಿಟ್ಟ ಹಾಳೆಗಳೇ ಸಾಕ್ಷಿ.

ಇಲ್ಲಿ ಬಳಸುವ ಗುರುತು ಮೂರೇ. ಮುಖ್ಯ ಕ್ರಿಯಾಪದ ಇಲ್ಲದ ಅಥವಾ ಎರಡು ಬಂದ ವಾಕ್ಯದ ಪಕ್ಕ ಅಂಚಿನಲ್ಲಿ ಉದ್ದಗೆರೆ. ತಪ್ಪಿದ ಅಥವಾ ಮಾನವಿಲ್ಲದ ಅಂಕಿಗೆ ಸುತ್ತು. ಪಠ್ಯದಿಂದ ಸತತವಾಗಿ ಐದಕ್ಕಿಂತ ಹೆಚ್ಚು ಪದ ಬಂದಲ್ಲಿ ಅಲೆಗೆರೆ. ಪದಕ್ಕೆ ಪದ ಸರಿಪಡಿಸಿ ಬರೆಯಬಾರದು. ಆರನೇ ತರಗತಿಯಲ್ಲಿ ಗುರುತುಗಳ ಅರ್ಥ ಹಲಗೆಯ ಮೇಲಿರುತ್ತದೆ, ವಿದ್ಯಾರ್ಥಿಗಳು ತಾವೇ ತಿದ್ದಿ ಮರುಬರೆಯುತ್ತಾರೆ, ಅಂಕ ಮರುಬರಹಕ್ಕೆ. ಮೊದಲ ಪ್ರತಿಗೇ ಅಂಕ ಕೊಟ್ಟುಬಿಟ್ಟರೆ ಎರಡನೆಯದನ್ನು ಯಾರೂ ಮನಸ್ಸಿಟ್ಟು ಬರೆಯುವುದಿಲ್ಲ.

ಉಳಿದದ್ದು, ಉಳಿಯದ್ದು

ಆರು ತರಗತಿಗಳಲ್ಲಿ "ಎ", "ದ" ಸರಿಹೋಗುವುದಿಲ್ಲ. ಕನ್ನಡದಲ್ಲಿ ಇಲ್ಲದ ವರ್ಗವದು, ವರ್ಷಗಟ್ಟಲೆ ಓದಿದ ಮೇಲೆ ನಿಧಾನವಾಗಿ ಬರುತ್ತದೆ. ಅದರ ಹಿಂದೆ ಬಿದ್ದು ಸಮಯ ಕಳೆಯಬಾರದು. "ದಿಸ್" ಜೊತೆ ನಾಮಪದ, ಅಂಕಿಯ ಜೊತೆ ಮಾನ, ಟಿಪ್ಪಣಿಯ ನಾಲ್ಕು ಕಂಬ, ಇವು ಬೇಗ ಕೈಗೂಡುತ್ತವೆ.

ಕಲಿತದ್ದು ಇನ್ನೊಂದು ಪಠ್ಯಕ್ಕೆ ದಾಟುತ್ತದೆಯೇ ಎಂದು ನೋಡಲು ಎರಡು ವಾರ ಬಿಟ್ಟು ಬೇರೆ ಬಗೆಯ ಪಠ್ಯ ಕೊಡಬೇಕು. ಫ್ಲೋರೈಡ್ ತೆಗೆಯುವ ನಲಗೊಂಡ ವಿಧಾನ ಒಳ್ಳೆಯ ಆಯ್ಕೆ: ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ, ಪಟಿಕ ಮತ್ತು ಸುಣ್ಣ ಬೆರೆಸಿ, ಕಲಕಿ, ಗಸಿ ತಳಕ್ಕಿಳಿಯಲು ಬಿಟ್ಟು ಸೋಸುವ ವಿಧಾನವಿದು. ವಿಷಯ ಪರಿಚಿತ, ಭಾಷೆ ಹೊಸದು. ಇಲ್ಲಿ ಕಾರಣ ಮತ್ತು ಅಂಕಿಗಳ ಬದಲು ಕ್ರಮ ಮುಖ್ಯ, "ಈಸ್ ಆಡೆಡ್", "ಈಸ್ ಸ್ಟರ್ಡ್" ಎಂಬ ಕರ್ಮಣಿ ರೂಪಗಳು ಸಾಲುಸಾಲಾಗಿ ಬರುತ್ತವೆ. ಅಳವಡಿಕೆ ಎಲ್ಲಿ ತಪ್ಪುತ್ತದೆ ಎಂಬುದು ಟಿಪ್ಪಣಿ ಹಾಳೆಯಲ್ಲೇ ಗೊತ್ತಾಗುತ್ತದೆ. ಹಲವರು ಹಳೆಯ ನಾಲ್ಕು ಕಂಬಗಳನ್ನೇ ಎಳೆದು, ಖಚಿತತೆಯ ಕಂಬದಲ್ಲಿ ಏನು ತುಂಬಬೇಕೆಂದು ತಿಳಿಯದೆ ಕೂರುತ್ತಾರೆ. ಪ್ರಕ್ರಿಯೆಯ ಪಠ್ಯಕ್ಕೆ ಆ ಕಂಬ ಬೇಡ, ಅದರ ಜಾಗದಲ್ಲಿ ಎಷ್ಟು ಹೊತ್ತು ಮತ್ತು ಯಾವುದರ ನಂತರ ಎಂಬುದು ಬರಬೇಕು. ಇದನ್ನು ಅಧ್ಯಾಪಕರು ಮೊದಲೇ ಹೇಳಿಬಿಡಬಾರದು. ಈ ಪಠ್ಯಕ್ಕೆ ಯಾವ ಕಂಬಗಳು ಬೇಕು ಎಂದು ತರಗತಿಗೆ ಕೇಳಿ, ಹತ್ತು ನಿಮಿಷ ಕೊಟ್ಟು, ಅವರು ಕಟ್ಟಿದ ಕೋಷ್ಟಕದಲ್ಲೇ ಮುಂದಿನ ಟಿಪ್ಪಣಿ ಬರೆಸಬೇಕು.